ಆಳವೋ ಅಗಲವೋ? ಗುತ್ತಿಗೆಯ ಗಣಕ ಉದ್ಯೋಗದಲ್ಲಿ ಕೌಶಲದ ವಿಚಾರ

ನೀರನ್ನು ಹಿಡಿದಿಡಲು ನಮ್ಮ ನಾಡಿನ ಹಿರಿಯರು ಎರಡು ಉಪಾಯಗಳನ್ನು ಕಂಡುಕೊಂಡಿದ್ದರು. ಒಂದು ಕೆರೆ, ಮತ್ತೊಂದು ಬಾವಿ. ಕೆರೆಗೆ ಅಗಲ ಹೆಚ್ಚು, ಆಳ ಕಡಿಮೆ. ಬಾವಿಗೆ ಆಳ ಹೆಚ್ಚು, ಅಗಲ ಕಡಿಮೆ. ಮಳೆ ಚೆನ್ನಾಗಿ ಆದ ವರ್ಷ ಕೆರೆ ಊರಿಗೆಲ್ಲ ಉಪಕಾರಿ; ಮಳೆ ಕೈಕೊಟ್ಟ ವರ್ಷ ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದವನು ನಂಬುವುದು ಬಾವಿಯನ್ನೇ. ಮನುಷ್ಯನು ಸಂಪಾದಿಸುವ ಕೌಶಲಕ್ಕೂ ಇವೇ ಎರಡು ಅಳತೆಗಳುಂಟು. ಹಲವು ವಿಷಯಗಳನ್ನು ಸ್ವಲ್ಪ ಸ್ವಲ್ಪ ಬಲ್ಲವನ ಕೌಶಲ ಅಗಲವಾದುದು. ಒಂದೇ ವಿಷಯವನ್ನು ಬುಡದವರೆಗೆ ಬಲ್ಲವನ ಕೌಶಲ ಆಳವಾದುದು. ಮಾಹಿತಿ ತಂತ್ರಜ್ಞಾನದ ಗುತ್ತಿಗೆ ಕೆಲಸಗಳು ಈ ಎರಡರಲ್ಲಿ ಯಾವುದನ್ನು ಕೇಳುತ್ತವೆ, ಯಾವುದಕ್ಕೆ ಬೆಲೆ ಕೊಡುತ್ತವೆ, ಅದನ್ನು ಸಂಪಾದಿಸುವ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವವರಲ್ಲಿ ಗಣಕದ ಕೆಲಸವನ್ನು ಅರಸಿ ಹೋಗುವವರು ಇಂಜಿನಿಯರುಗಳು ಮಾತ್ರವೇ ಆಗಿಲ್ಲ. ಬಿ.ಎ., ಬಿ.ಕಾಂ. ಓದಿದವರೂ ಅವರೊಡನೆ ಇದ್ದಾರೆ. ಇವರಲ್ಲಿ ಅನೇಕರಿಗೆ ಮೊದಲು ದೊರೆಯುವುದು ಖಾಯಂ ಹುದ್ದೆಯಲ್ಲ, ಗುತ್ತಿಗೆಯ ಕೆಲಸ. ಅದರ ಪ್ರಕಟಣೆಯಲ್ಲಿ ಹತ್ತು ಹದಿನೈದು ಕೌಶಲಗಳ ಪಟ್ಟಿಯಿರುತ್ತದೆ. ಪಟ್ಟಿಯನ್ನು ಕಂಡು ಎದೆಗುಂದಿ ಅರ್ಜಿಯನ್ನೇ ಹಾಕದವರುಂಟು. ಹದಿನೈದನ್ನೂ ಮೂರು ತಿಂಗಳಲ್ಲಿ ಕಲಿಸಿಕೊಡುತ್ತೇವೆಂಬ ತರಬೇತಿಗೆ ಮನೆಯವರು ಸಾಲಮಾಡಿ ತಂದ ಹಣವನ್ನು ಸುರಿಯುವವರೂ ಉಂಟು. ಈ ಎರಡು ಬಗೆಯ ನಷ್ಟಕ್ಕೂ ಮೂಲ ಒಂದೇ: ಪಟ್ಟಿಯನ್ನು ಓದುವ ಬಗೆ ತಿಳಿಯದಿರುವುದು.

ಗುತ್ತಿಗೆಯ ಸ್ವರೂಪ

ಗುತ್ತಿಗೆ ಎಂಬ ಮಾತು ನಮಗೆ ಹೊಸದೇನಲ್ಲ. ನಾಲೆಯ ತುಂಡು ಕಾಮಗಾರಿ, ರಸ್ತೆಯ ಡಾಂಬರು, ಶಾಲೆಯ ಕಟ್ಟಡ ಎಲ್ಲವೂ ಗುತ್ತಿಗೆಯಲ್ಲಿಯೇ ನಡೆಯುತ್ತವೆ. ಸಕಲೇಶಪುರದ ಕಡೆಯ ಕಾಫಿ ತೋಟಗಳಿಗೆ ಆಳುಗಳನ್ನು ಕರೆತರುವ ಮೇಸ್ತ್ರಿಯನ್ನೂ ನಾವು ಬಲ್ಲೆವು. ತೋಟದ ಮಾಲೀಕನಿಗೂ ಆಳಿಗೂ ನಡುವೆ ನಿಂತು, ತಲೆಯೊಂದಕ್ಕೆ ಇಷ್ಟೆಂದು ತನ್ನ ಪಾಲನ್ನು ಇಟ್ಟುಕೊಳ್ಳುವವನು ಅವನು. ಗಣಕ ಉದ್ಯೋಗದ ಗುತ್ತಿಗೆಯಲ್ಲಿಯೂ ಇಂಥ ಮೂವರಿದ್ದಾರೆ. ಕೆಲಸ ಆಗಬೇಕಾದ ಸಂಸ್ಥೆ ಒಂದು ಕಡೆ. ಕೆಲಸಗಾರ ಇನ್ನೊಂದು ಕಡೆ. ನಡುವೆ ಆಳನ್ನು ಒದಗಿಸುವ ಏಜೆನ್ಸಿ. ಗ್ರಾಹಕ ಸಂಸ್ಥೆಯು ತಿಂಗಳಿಗೋ ಗಂಟೆಗೋ ಇಷ್ಟೆಂದು ಏಜೆನ್ಸಿಗೆ ಹಣ ಕೊಡುತ್ತದೆ. ಏಜೆನ್ಸಿಯು ತನ್ನ ಪಾಲನ್ನು ಹಿಡಿದುಕೊಂಡು ಉಳಿದುದನ್ನು ಕೆಲಸಗಾರನಿಗೆ ಸಂಬಳವಾಗಿ ಕೊಡುತ್ತದೆ. ಎಷ್ಟೋ ಸಲ ನಡುವೆ ಇಬ್ಬರು ಮೂವರು ಮೇಸ್ತ್ರಿಗಳಿರುವುದೂ ಉಂಟು. ಕರಾರಿನ ಅವಧಿ ಮೂರು ತಿಂಗಳು, ಆರು ತಿಂಗಳು ಅಥವಾ ಒಂದು ವರ್ಷ. ಕೆಲಸ ಮುಂದುವರಿದರೆ ನವೀಕರಣ, ಇಲ್ಲವಾದರೆ ಬಿಡುಗಡೆ.

ಈ ಪದ್ಧತಿ ನಮ್ಮ ದೇಶದ ಸಾಫ್ಟ್‌ವೇರ್ ಉದ್ಯಮದಷ್ಟೇ ಹಳೆಯದು. ೧೯೮೦ರ ದಶಕದಲ್ಲಿಯೇ ನಮ್ಮ ಕಂಪನಿಗಳು ಪ್ರೋಗ್ರಾಮರುಗಳನ್ನು ಹೊರದೇಶದ ಗ್ರಾಹಕರ ಕಚೇರಿಗೇ ಕಳುಹಿಸಿ, ಅವರು ದುಡಿದ ಕಾಲದ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದವು. ‘ಬಾಡಿ ಶಾಪಿಂಗ್’ ಎಂದು ಅದನ್ನು ಅಣಕಿಸಿ ಕರೆದರು. ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ೧೯೭೦ರ ಕೇಂದ್ರ ಕಾಯಿದೆಯೊಂದಿತ್ತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ವಿಷಯವು ಈಗ ಸೇರಿಹೋಗಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಯಿಟಿ ದೊರೆಯುವಂತೆ ಅದರಲ್ಲಿ ಏರ್ಪಾಡಾಗಿದೆ. ಸಂಬಳ, ಭವಿಷ್ಯನಿಧಿ, ರಜೆಗಳ ಮಾತನ್ನು ಕಾನೂನೂ ಕರಾರುಪತ್ರವೂ ಆಡುತ್ತವೆ. ಆದರೆ ಕೆಲಸಗಾರನಿಗೆ ನಾಳೆ ಬೇಕಾಗುವ ವಿದ್ಯೆಯನ್ನು ಯಾರು ಕಲಿಸಬೇಕು ಎಂಬ ಮಾತು ಗುತ್ತಿಗೆಯ ಕರಾರಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಪಟ್ಟಿ ಏಕೆ ಅಗಲವಾಗುತ್ತದೆ?

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ೧೯೩೭ರಲ್ಲಿ ಒಂದು ಸರಳವಾದ ಪ್ರಶ್ನೆಯನ್ನು ಎತ್ತಿದನು. ಬೇಕಾದುದನ್ನೆಲ್ಲ ಪೇಟೆಯಲ್ಲಿ ಕೊಳ್ಳಬಹುದಾದರೆ ಸಂಸ್ಥೆಗಳು ನೌಕರರನ್ನು ಏಕೆ ಇಟ್ಟುಕೊಳ್ಳುತ್ತವೆ? ಪೇಟೆಯಲ್ಲಿ ಕೊಳ್ಳುವಾಗಲೆಲ್ಲ ಹುಡುಕಬೇಕು, ಚೌಕಾಸಿ ಮಾಡಬೇಕು, ಕರಾರು ಬರೆಯಬೇಕು. ಇದಕ್ಕೆಲ್ಲ ಖರ್ಚು ತಗಲುತ್ತದೆ. ನೌಕರನನ್ನು ಇಟ್ಟುಕೊಂಡರೆ ಏನು ಮಾಡಿಸಬೇಕೆಂಬುದನ್ನು ಆಮೇಲೆ ಹೇಳಿದರೂ ನಡೆಯುತ್ತದೆ. ಇದು ಅವನು ಕೊಟ್ಟ ಉತ್ತರದ ಸಾರ. ಖಾಯಂ ನೌಕರನಿಗೆ “ಬಾ, ಕೆಲಸವನ್ನು ಆಮೇಲೆ ಹೇಳುತ್ತೇನೆ” ಎನ್ನಬಹುದು. ಗುತ್ತಿಗೆಯವನಿಗೆ ಹಾಗೆನ್ನುವಂತಿಲ್ಲ, ಏನು ಬೇಕೆಂಬುದನ್ನು ಮುಂಚಿತವಾಗಿಯೇ ಬರೆದುಕೊಡಬೇಕು. ಆದುದರಿಂದಲೇ ಗುತ್ತಿಗೆಯ ಪ್ರಕಟಣೆಯಲ್ಲಿ ಪಟ್ಟಿ ಅನಿವಾರ್ಯವಾಯಿತು.

ಆ ಪಟ್ಟಿಯನ್ನು ಬರೆಯುವ ಕೈಗಳು ಹಲವು. ಕೆಲಸ ಬೇಕಾದ ವಿಭಾಗದ ಮುಖ್ಯಸ್ಥನು ತನಗೆ ಅತ್ಯವಶ್ಯವಾದ ಎರಡು ಮೂರನ್ನು ಬರೆಯುತ್ತಾನೆ. ಕೆಲಸ ಬಿಟ್ಟುಹೋದವನಿಗೆ ಇನ್ನೂ ನಾಲ್ಕು ತಿಳಿದಿದ್ದವು ಎಂದು ಅವನ್ನೂ ಸೇರಿಸುತ್ತಾನೆ. ನೇಮಕ ವಿಭಾಗದವರು ಹಿಂದಿನ ಪ್ರಕಟಣೆಯಿಂದ ಐದನ್ನು ತೆಗೆದು ಸೇರಿಸುತ್ತಾರೆ. ಏಜೆನ್ಸಿಯವನು ಗಣಕದ ಹುಡುಕಾಟದಲ್ಲಿ ಹೆಚ್ಚು ಅರ್ಜಿಗಳು ಸಿಕ್ಕಲೆಂದು ಮತ್ತಷ್ಟು ಹೆಸರುಗಳನ್ನು ತುಂಬುತ್ತಾನೆ. ಹೀಗೆ ಜಾವಾ, ಒರಾಕಲ್, ಲಿನಕ್ಸ್, ಡಾಕರ್, ಕುಬರ್ನೆಟೀಸ್, ಸೆಲೆನಿಯಂ ಎಂದು ಪಟ್ಟಿ ಮದುವೆಮನೆಯ ದಿನಸಿ ಚೀಟಿಯಂತೆ ಬೆಳೆಯುತ್ತದೆ. ಅಷ್ಟನ್ನೂ ಬಲ್ಲ ಒಬ್ಬ ವ್ಯಕ್ತಿಯನ್ನು ಪಟ್ಟಿ ಬರೆದವರಲ್ಲಿ ಯಾರೂ ಕಂಡಿರಬೇಕೆಂದಿಲ್ಲ.

ಇದು ಎಷ್ಟು ದೂರ ಹೋಗಬಹುದೆಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಸೆಬಾಸ್ಟಿಯನ್ ರಮಿರೆಜ್ ಎಂಬಾತ ‘ಫಾಸ್ಟ್‌ಎಪಿಐ’ ಎಂಬ ಸಾಫ್ಟ್‌ವೇರ್ ಸಾಧನವನ್ನು ನಿರ್ಮಿಸಿ ೨೦೧೮ರಲ್ಲಿ ಹೊರತಂದನು. ೨೦೨೦ರಲ್ಲಿ ಅವನ ಕಣ್ಣಿಗೆ ಒಂದು ಉದ್ಯೋಗ ಪ್ರಕಟಣೆ ಬಿತ್ತು. ಅದರಲ್ಲಿ ಆ ಸಾಧನದಲ್ಲಿಯೇ ನಾಲ್ಕು ವರ್ಷಕ್ಕೆ ಮೇಲ್ಪಟ್ಟ ಅನುಭವ ಬೇಕೆಂದಿತ್ತು. ಅದನ್ನು ಹುಟ್ಟಿಸಿದವನಿಗೇ ಆಗ ಒಂದೂವರೆ ವರ್ಷದ ಅನುಭವವಿತ್ತಷ್ಟೆ! ತಾನು ಅರ್ಜಿ ಹಾಕುವಂತಿಲ್ಲವೆಂದು ಅವನೇ ಪ್ರಕಟವಾಗಿ ಹೇಳಿ ನಕ್ಕನು. ಪಟ್ಟಿಯನ್ನು ಶಾಸನವೆಂದು ಭಾವಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊಳ್ಳುವುದು ಆಳವನ್ನು

ಪಟ್ಟಿ ಅಗಲವಾಗಿದ್ದರೂ ಕೆಲಸ ಆಳವನ್ನೇ ಬೇಡುತ್ತದೆ. ಒಂದು ಉದಾಹರಣೆಯನ್ನು ಊಹಿಸೋಣ. ಒಂದು ಸಂಸ್ಥೆಯಲ್ಲಿ ತಿಂಗಳ ಕೊನೆಯ ಲೆಕ್ಕದ ವರದಿ ಸಿದ್ಧವಾಗಲು ನಾಲ್ಕು ಗಂಟೆ ಹಿಡಿಯುತ್ತಿದೆ. ಅದು ಅರ್ಧ ಗಂಟೆಯಲ್ಲಿ ಆಗಬೇಕು. ಇದಕ್ಕಾಗಿ ಆರು ತಿಂಗಳ ಗುತ್ತಿಗೆಗೆ ಒಬ್ಬನನ್ನು ಕರೆಯುತ್ತಾರೆ. ಪ್ರಕಟಣೆಯಲ್ಲಿ ಹದಿನಾಲ್ಕು ಹೆಸರುಗಳಿವೆ. ಸಂದರ್ಶನದಲ್ಲಿ ಕುಳಿತ ಅನುಭವಿಯು ಮೊದಲ ಹತ್ತು ನಿಮಿಷ ಆ ಹೆಸರುಗಳನ್ನು ಸುಮ್ಮನೆ ಮುಟ್ಟಿ ಹೋಗುತ್ತಾನೆ. ಅನಂತರ ಒಂದೇ ಪ್ರಶ್ನೆಯನ್ನು ಹಿಡಿದು ಅರ್ಧ ಗಂಟೆ ಅಗೆಯುತ್ತಾನೆ: “ವರದಿ ನಿಧಾನವಾಗಿದೆ. ಮೊದಲು ಎಲ್ಲಿ ನೋಡುತ್ತೀರಿ? ಸೂಚಿ ಇದ್ದೂ ಗಣಕವು ಅದನ್ನು ಬಳಸುತ್ತಿಲ್ಲವಾದರೆ ಕಾರಣವೇನು? ಇಬ್ಬರು ಒಂದೇ ದಾಖಲೆಯನ್ನು ತಿದ್ದಲು ಹೊರಟರೆ ಏನಾಗುತ್ತದೆ?” ಹದಿನಾಲ್ಕನ್ನೂ ಮೇಲೆ ಮೇಲೆ ಬಲ್ಲವನು ಎರಡನೆಯ ಪ್ರಶ್ನೆಗೇ ನಿಲ್ಲುತ್ತಾನೆ. ಮೂರನ್ನೇ ಬಲ್ಲವನು, ಆದರೆ ಡೇಟಾಬೇಸನ್ನು ಬುಡದಿಂದ ಬಲ್ಲವನು, ಕೊನೆಯವರೆಗೆ ಹೋಗುತ್ತಾನೆ.

ಹೀಗೇಕೆ? ಅವಧಿಯೇ ಕಾರಣ. ಆರು ತಿಂಗಳ ಕೆಲಸದಲ್ಲಿ ಮೂರು ತಿಂಗಳನ್ನು ಕಲಿಕೆಗೆ ಕೊಡಲು ಯಾವ ಗ್ರಾಹಕನೂ ಒಪ್ಪುವುದಿಲ್ಲ. ಇದಕ್ಕೆ ಪ್ರತಿಯಾಗಿ ನಮ್ಮ ಹಾಸನದಲ್ಲಿಯೇ ಇರುವ ಒಂದು ಸಂಸ್ಥೆಯನ್ನು ನೋಡಬಹುದು. ಸಾಲಗಾಮೆ ರಸ್ತೆಯ ಪ್ರಧಾನ ನಿಯಂತ್ರಣ ಕೇಂದ್ರವು ೧೯೮೨ರಲ್ಲಿ ಸ್ಥಾಪಿತವಾಯಿತು. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಗಳನ್ನು ಕಕ್ಷೆಗೆ ಏರಿಸುವುದು, ಪರೀಕ್ಷಿಸುವುದು, ಅವು ತಮ್ಮ ಸ್ಥಾನದಿಂದ ಜರುಗದಂತೆ ಹಗಲಿರುಳು ಕಾಯುವುದು ಅದರ ಕೆಲಸ. ಒಂದು ಉಪಗ್ರಹ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಬಹುದು. ಅಲ್ಲಿಯ ಇಂಜಿನಿಯರನು ಒಂದೇ ವಿಷಯವನ್ನು ವರ್ಷಗಟ್ಟಲೆ ಕಲಿತರೂ ಆ ಕಲಿಕೆ ಸಂಸ್ಥೆಗೇ ಹಿಂತಿರುಗಿ ಬರುತ್ತದೆ. ಆದಕಾರಣ ಕಲಿಕೆಯ ಕಾಲಕ್ಕೂ ಸಂಸ್ಥೆಯೇ ಸಂಬಳ ಕೊಡುತ್ತದೆ. ಗುತ್ತಿಗೆಯಲ್ಲಿ ಆ ಸಮಯವಿಲ್ಲ. ಕಲಿತು ಬಂದವನಿಗೆ ಮಾತ್ರ ಅಲ್ಲಿ ಎಡೆಯುಂಟು.

ಗ್ಯಾರಿ ಬೆಕರ್ ೧೯೬೪ರಲ್ಲಿ ಪ್ರಕಟಿಸಿದ ಮಾನವ ಬಂಡವಾಳದ ಗ್ರಂಥದಲ್ಲಿ ಇದನ್ನು ಸಿದ್ಧಾಂತವಾಗಿ ವಿವರಿಸಿದ್ದಾನೆ. ಒಂದೇ ಸಂಸ್ಥೆಗೆ ಉಪಯೋಗವಾಗುವ ತರಬೇತಿಯ ಖರ್ಚಿನಲ್ಲಿ ಆ ಸಂಸ್ಥೆ ಪಾಲುಗೊಳ್ಳುತ್ತದೆ. ಎಲ್ಲಿ ಹೋದರೂ ಉಪಯೋಗವಾಗುವ ತರಬೇತಿಯ ಖರ್ಚನ್ನು ಕೊನೆಗೆ ಹೊರುವವನು ಕೆಲಸಗಾರನೇ. ಏಕೆಂದರೆ ಕಲಿತವನು ನಾಳೆ ಬೇರೆ ಕಡೆ ಹೋಗಿಬಿಟ್ಟರೆ ಸಂಸ್ಥೆಯ ಹಣ ಹೋದಂತೆಯೇ ಸರಿ. ಗುತ್ತಿಗೆಯವನಂತೂ ಹೋಗುವುದು ಮೊದಲೇ ನಿಶ್ಚಯ. ಹೀಗಾಗಿ ಅವನ ಆಳದ ಬೆಲೆಯನ್ನು ಗ್ರಾಹಕನು ಕೊಡುತ್ತಾನೆ, ಆ ಆಳವನ್ನು ತೋಡಿದ ಕೂಲಿಯನ್ನು ಅವನೇ ತನ್ನ ಕೈಯಿಂದ ಹಾಕಬೇಕು. ಮನೆಯಲ್ಲಿ ಅನುಕೂಲವಿದ್ದವನಿಗೆ ಇದು ಕಷ್ಟವಲ್ಲ. ಆಲೂಗಡ್ಡೆಯ ಬೆಲೆ ಬಿದ್ದ ವರ್ಷ ಶುಲ್ಕ ಕಟ್ಟಲು ಪರದಾಡುವ ಅರಕಲಗೂಡಿನ ರೈತನ ಮಗಳಿಗೆ ಇದು ದೊಡ್ಡ ಹೊರೆ. ಆದುದರಿಂದ ಎಲ್ಲಿ ತೋಡಬೇಕೆಂಬುದನ್ನು ಅವಳು ಇತರರಿಗಿಂತ ಹೆಚ್ಚು ಎಚ್ಚರದಿಂದ ಆರಿಸಬೇಕಾಗುತ್ತದೆ.

ಅಗಲಕ್ಕೆ ಬೆಲೆ ಎಲ್ಲಿ?

ಹಾಗಾದರೆ ಅಗಲ ನಿಷ್ಪ್ರಯೋಜಕವೇ? ಹಾಗೆನ್ನಲಾಗದು. ಆಡಂ ಸ್ಮಿತ್ ೧೭೭೬ರಲ್ಲಿ ಗುಂಡುಸೂಜಿಯ ಕಾರ್ಖಾನೆಯನ್ನು ವರ್ಣಿಸಿದುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ತಿಳಿದಿದೆ. ಸುಮಾರು ಹದಿನೆಂಟು ಬಗೆಯ ಕೆಲಸಗಳನ್ನು ಹತ್ತು ಜನ ಹಂಚಿಕೊಂಡರೆ ದಿನಕ್ಕೆ ೪೮,೦೦೦ ಸೂಜಿಗಳು. ಒಬ್ಬೊಬ್ಬನೇ ಎಲ್ಲವನ್ನೂ ಮಾಡಹೊರಟರೆ ತಲೆಗೆ ಇಪ್ಪತ್ತೂ ಆಗಲಾರದು. ಆದರೆ ಅವನು ಮುಂದೆ ಹೇಳಿದ ಮಾತನ್ನು ನಾವು ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ: ಶ್ರಮವಿಭಜನೆ ಎಷ್ಟು ದೂರ ಹೋಗಬಹುದೆಂಬುದನ್ನು ಮಾರುಕಟ್ಟೆಯ ವಿಸ್ತಾರವೇ ಗೊತ್ತುಮಾಡುತ್ತದೆ. ಸಣ್ಣ ಊರಿನ ಬಡಗಿ ನೇಗಿಲು, ಬಾಗಿಲು, ತೊಟ್ಟಿಲು, ಗಾಡಿ ಎಲ್ಲವನ್ನೂ ಮಾಡಬೇಕು. ತೊಟ್ಟಿಲನ್ನು ಮಾತ್ರ ಮಾಡುತ್ತೇನೆಂದರೆ ಅವನು ಬದುಕುವುದು ಹೇಗೆ?

ಗಣಕದ ಕೆಲಸವೂ ಹೀಗೆಯೇ. ಹೊಳೆನರಸೀಪುರದ ಪೇಟೆಯಲ್ಲಿ ಗಣಕದ ಅಂಗಡಿಯನ್ನಿಟ್ಟವನು ಪ್ರಿಂಟರ್ ಸರಿಮಾಡಬೇಕು, ನುಡಿಯಲ್ಲಿ ಅರ್ಜಿ ಬೆರಳಚ್ಚು ಮಾಡಬೇಕು, ವಿದ್ಯಾರ್ಥಿವೇತನದ ಅರ್ಜಿಯನ್ನು ಅಂತರಜಾಲದಲ್ಲಿ ತುಂಬಬೇಕು, ಅಂಗಡಿಯವರ ತೆರಿಗೆಯ ಲೆಕ್ಕವನ್ನೂ ನೋಡಬೇಕು. ಅವನ ಅನ್ನ ಅಗಲದಲ್ಲಿದೆ. ಬೆಂಗಳೂರಿನಲ್ಲಿ ಸಾವಿರಾರು ಸಂಸ್ಥೆಗಳಿರುವುದರಿಂದ ಒಂದೇ ಸಾಫ್ಟ್‌ವೇರಿನ ಒಂದೇ ಭಾಗವನ್ನು ಬಲ್ಲವನಿಗೂ ವರ್ಷವೆಲ್ಲ ಕೆಲಸ ಸಿಗುತ್ತದೆ. ಅಲ್ಲಿಯೂ ಹತ್ತೇ ಜನರಿರುವ ಹೊಸ ಸಣ್ಣ ಕಂಪನಿಯು ಊರಿನ ಬಡಗಿಯಂಥವನನ್ನೇ ಹುಡುಕುತ್ತದೆ. ಸಾವಿರಾರು ಜನರಿರುವ ಬ್ಯಾಂಕು ತೊಟ್ಟಿಲಿನ ಕುಸುರಿಗಾರನನ್ನು ಕರೆಯುತ್ತದೆ. ಪ್ರಕಟಣೆಯನ್ನು ನೋಡುವಾಗ ಗ್ರಾಹಕ ಸಂಸ್ಥೆ ಎಷ್ಟು ದೊಡ್ಡದೆಂಬುದನ್ನು ಮೊದಲು ವಿಚಾರಿಸಿದರೆ ಪಟ್ಟಿಯ ಅರ್ಥ ಅರ್ಧ ತಿಳಿದಂತೆ.

ಆಳದಲ್ಲಿಯೂ ಹಂಚಿಕೆ ಸಾಧ್ಯವೆಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೆಹಳ್ಳಿಯೇ ಸಾಕ್ಷಿ. ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣದ ಕಡೆಯ ಶಿಲ್ಪಗಳು ಬೈಚೋಜನವು, ಉತ್ತರದ ಕಡೆಯವು ಮಲ್ಲಿತಮ್ಮನವು. ಇಬ್ಬರೂ ವಿಗ್ರಹ ಕಡೆಯುವ ಕಲೆಯನ್ನೇ ಆಳವಾಗಿ ಬಲ್ಲವರು, ಗೋಡೆಯನ್ನು ಹಂಚಿಕೊಂಡರು. ಆದರೂ ಒಬ್ಬನ ಸಾಲು ಇನ್ನೊಬ್ಬನ ಸಾಲಿಗೆ ಹೊಂದಬೇಕಾದರೆ ಇಬ್ಬರಿಗೂ ಇಡೀ ಗುಡಿಯ ವಿನ್ಯಾಸ ಗೊತ್ತಿರಬೇಕು. ಇದೇ ಬೇಕಾದಷ್ಟು ಅಗಲ: ಪಕ್ಕದವನ ಕೆಲಸವನ್ನು ತಾನೇ ಮಾಡುವಷ್ಟಲ್ಲದಿದ್ದರೂ, ಅವನ ಕೆಲಸಕ್ಕೆ ತನ್ನದು ಕೂಡುವಷ್ಟು.

ಆಳದ ಅಪಾಯ

ಆಳಕ್ಕೂ ಅಪಾಯವಿಲ್ಲದಿಲ್ಲ. ತೋಡಿದ ಬಾವಿಯೇ ಬತ್ತಿದರೆ ಗತಿಯೇನು? ೧೯೯೦ರ ದಶಕದ ಕೊನೆಯಲ್ಲಿ ನಡೆದುದನ್ನು ನೆನೆಯಬಹುದು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದುದರಿಂದ ೨೦೦೦ನೆಯ ಇಸವಿ ಬಂದಾಗ ಗಣಕಗಳು ಅದನ್ನು ೧೯೦೦ ಎಂದು ತಿಳಿದು ಲೆಕ್ಕ ತಪ್ಪಿಸಬಹುದೆಂಬ ಭಯ ಪ್ರಪಂಚದಲ್ಲೆಲ್ಲ ಹುಟ್ಟಿತು. ಆಗ ೧೯೫೯ರಷ್ಟು ಹಿಂದೆ ಹುಟ್ಟಿದ ಕೋಬಾಲ್ ಭಾಷೆಯನ್ನು ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು; ಭಾರತದ ಕಂಪನಿಗಳು ಬೆಳೆದುದರಲ್ಲಿ ಆ ಕೆಲಸದ ಪಾಲೂ ಉಂಟು. ಹೊಸ ವರ್ಷ ಕಳೆದೊಡನೆ ಆ ಬೇಡಿಕೆ ಇಳಿಯಿತು. ಕೋಬಾಲನ್ನು ಮಾತ್ರ ಬಲ್ಲವರು ಮತ್ತೆ ಹೊಸದನ್ನು ಕಲಿಯಬೇಕಾಯಿತು. ಇನ್ನೊಂದು ಉದಾಹರಣೆ ಫ್ಲ್ಯಾಶ್ ಎಂಬ ಸಾಧನದ್ದು. ಅಂತರಜಾಲದ ಚಲಿಸುವ ಚಿತ್ರಗಳಿಗೂ ಆಟಗಳಿಗೂ ಅದು ಒಂದು ಕಾಲಕ್ಕೆ ಆಧಾರವಾಗಿತ್ತು. ೨೦೨೦ರ ಡಿಸೆಂಬರ್ ೩೧ರಂದು ಅಡೋಬಿ ಸಂಸ್ಥೆ ಅದಕ್ಕೆ ಬೆಂಬಲವನ್ನು ನಿಲ್ಲಿಸಿತು.

ಇದರಿಂದ ಆಳವೇ ಬೇಡವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಆಳದಲ್ಲಿ ಮೂರು ಪದರಗಳಿವೆಯೆಂದು ತಿಳಿದರೆ ಸಾಕು. ಮೇಲಿನದು ಸಾಧನದ ಪದರ: ಇಂಥ ಕಂಪನಿಯ ಇಂಥ ಸಾಫ್ಟ್‌ವೇರಿನ ಇಂಥ ಆವೃತ್ತಿ. ಇದು ಬೇಗ ಸವೆಯುತ್ತದೆ. ಎರಡನೆಯದು ತತ್ತ್ವದ ಪದರ. ಎಡ್ಗರ್ ಕಾಡ್ ೧೯೭೦ರಲ್ಲಿ ಪ್ರತಿಪಾದಿಸಿದ, ದತ್ತಾಂಶಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಕಾಣುವ ಕ್ರಮವು ಐವತ್ತು ವರ್ಷ ದಾಟಿದರೂ ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ, ಕಚೇರಿಗಳಲ್ಲಿ ಬಳಕೆಯಲ್ಲಿದೆ. ಸಾಧನಗಳು ಬದಲಾದರೂ ಈ ಪದರ ನಿಲ್ಲುತ್ತದೆ. ಮೂರನೆಯದು ವ್ಯವಹಾರದ ಪದರ: ಗಣಕವು ಯಾವ ಕೆಲಸಕ್ಕಾಗಿ ಓಡುತ್ತಿದೆಯೋ ಆ ಕೆಲಸದ ತಿಳಿವಳಿಕೆ. ಬಡ್ಡಿಯ ಲೆಕ್ಕ, ವಿಮೆಯ ನಿಯಮ, ಆಸ್ಪತ್ರೆಯ ದಾಖಲೆ, ಭೂಮಿಯ ಪಹಣಿ, ಭಾಷೆಯ ವ್ಯಾಕರಣ ಇವೆಲ್ಲ ಈ ಪದರಕ್ಕೆ ಸೇರಿದವು. ಕೋಬಾಲ್ ಬಲ್ಲವರಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಅರಿತಿದ್ದವರಿಗೆ ಭಾಷೆ ಹೋದರೂ ಕೈಯಲ್ಲಿ ಒಂದು ಬಂಡವಾಳ ಉಳಿದಿತ್ತು. ಕೋಬಾಲಿನ ಬಾವಿಯಾದರೂ ಪೂರ್ತಿ ಬತ್ತಲಿಲ್ಲ. ೨೦೨೦ರ ಏಪ್ರಿಲಿನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರರು, ನಿರುದ್ಯೋಗ ಭತ್ಯದ ಹಳೆಯ ಗಣಕಗಳನ್ನು ನಡೆಸಲು ಕೋಬಾಲ್ ಬಲ್ಲವರು ಬೇಕೆಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು.

ಕಲಾ ವಿದ್ಯಾರ್ಥಿಯ ಬಂಡವಾಳ

ಮೂರನೆಯ ಪದರದ ಮಾತು ನಮ್ಮಂಥ ಕಲಾ ಕಾಲೇಜಿನವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇದಕ್ಕೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿಯೇ ನಿದರ್ಶನವಿದೆ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ೨೦೦೦ದ ಆಸುಪಾಸಿನ ವರ್ಷಗಳಲ್ಲಿ ಸುಮಾರು ೬೭ ಲಕ್ಷ ರೈತರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಬೆರಳಚ್ಚಿನ ಕೆಲಸವನ್ನು ಖಾಸಗಿ ಏಜೆನ್ಸಿಗಳಿಗೆ ಗುತ್ತಿಗೆ ಕೊಟ್ಟರು. ತುಂಬಿಸಿದುದನ್ನು ಗ್ರಾಮ ಲೆಕ್ಕಿಗರು ಮೂಲ ದಾಖಲೆಯೊಡನೆ ತಾಳೆ ನೋಡಿದರು. ಗಣಕದ ದೃಷ್ಟಿಯಿಂದ ಅದು ಸುಲಭದ ಕೆಲಸ. ಕಷ್ಟವಿದ್ದುದು ಪಹಣಿಯಲ್ಲಿ. ಖಾತೆ, ಹಿಸ್ಸೆ, ಖರಾಬು, ಪೋಡಿ ಎಂಬ ಮಾತುಗಳ ಅರ್ಥ ತಿಳಿಯದವನಿಗೆ ಅದು ಬರಿಯ ಅಕ್ಷರಗಳ ಸಂತೆ.

ಒಂದು ಚಿಕ್ಕ ಲೆಕ್ಕವನ್ನು ನೋಡಿ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ಬರೆಯುತ್ತಾರೆ. ೧.೨೫ ಎಂದರೆ ಒಂದು ಎಕರೆ ಇಪ್ಪತ್ತೈದು ಗುಂಟೆ. ಅಣ್ಣತಮ್ಮಂದಿರ ಇಂಥ ಎರಡು ಭಾಗಗಳನ್ನು ಕೂಡಿಸಿದರೆ ಎಷ್ಟು? ದಶಾಂಶವೆಂದು ತಿಳಿದು ಕೂಡಿಸುವ ಪ್ರೋಗ್ರಾಮರನು ೨.೫೦ ಎನ್ನುತ್ತಾನೆ. ಎಕರೆಗೆ ನಲವತ್ತು ಗುಂಟೆಯೆಂಬುದನ್ನು ಬಲ್ಲ ರೈತನ ಮಗ ೩.೧೦ ಎನ್ನುತ್ತಾನೆ. ಹತ್ತು ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿತರೂ ಈ ತಪ್ಪು ಕಾಣುವುದಿಲ್ಲ. ಊರಿನ ಜಮೀನಿನ ವ್ಯವಹಾರವನ್ನು ಅರಿತವನಿಗೆ ನೋಡಿದೊಡನೆಯೇ ಕಾಣುತ್ತದೆ. ಸಾಫ್ಟ್‌ವೇರ್ ಪರೀಕ್ಷಕನ ಕೆಲಸಕ್ಕೆ ಇಂಥ ತಿಳಿವಳಿಕೆಯೇ ಜೀವಾಳ.

ಭಾಷೆಯ ವಿದ್ಯಾರ್ಥಿಗಳಿಗೂ ದಾರಿಯಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ನೋಡಿದರೆ, ಅದು ಹುಟ್ಟಿದುದು ಯಂತ್ರದ ಜ್ಞಾನದಿಂದ ಮಾತ್ರವೇ ಅಲ್ಲವೆಂಬುದು ತಿಳಿಯುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದೇ ಕೀಲಿಯಲ್ಲಿ ಜೋಡಿಸಿ, ವ್ಯಂಜನಕ್ಕೆ ಸ್ವರ ಸ್ವಾಭಾವಿಕವಾಗಿ ಕೂಡುವಂತೆ ಮಾಡಿ, ಕನ್ನಡದ ಅಕ್ಷರಗಳನ್ನೆಲ್ಲ ಇಂಗ್ಲಿಷಿನ ಕೀಲಿಮಣೆಗೆ ಹೊಂದಿಸಬೇಕಾದರೆ ವರ್ಣಮಾಲೆಯ ತತ್ತ್ವವನ್ನು ಆಳವಾಗಿ ಬಲ್ಲವರಿಗೇ ಸಾಧ್ಯ. ಇಂದು ಭಾಷಾಂತರ, ಕನ್ನಡ ಧ್ವನಿಯ ಲಿಪ್ಯಂತರ, ಯಂತ್ರಗಳಿಗೆ ಕಲಿಸುವ ಕನ್ನಡ ಪಠ್ಯದ ಪರಿಶೀಲನೆ ಮೊದಲಾದ ಗುತ್ತಿಗೆ ಕೆಲಸಗಳು ಹೊರಡುತ್ತಿವೆ. ಭೂಗೋಳ ಓದಿದವರಿಗೆ ನಕ್ಷೆಯ ಸಾಫ್ಟ್‌ವೇರುಗಳಲ್ಲಿ, ಅರ್ಥಶಾಸ್ತ್ರದವರಿಗೆ ಅಂಕಿಅಂಶಗಳ ವಿಶ್ಲೇಷಣೆಯಲ್ಲಿ, ವಾಣಿಜ್ಯದವರಿಗೆ ಲೆಕ್ಕಪತ್ರದ ಸಾಫ್ಟ್‌ವೇರುಗಳಲ್ಲಿ ಹೀಗೆಯೇ ಅವಕಾಶವುಂಟು. ತರಗತಿಯಲ್ಲಿ ಓದಿದ ವಿಷಯವನ್ನು ಬಿಟ್ಟು ಓಡಿ ಗಣಕವನ್ನು ಹಿಡಿಯುವುದಕ್ಕಿಂತ, ಆ ವಿಷಯದ ಮೂಲಕವೇ ಗಣಕವನ್ನು ಪ್ರವೇಶಿಸುವುದು ಲೇಸು.

೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಹದಿನೈದು ವಿಷಯಗಳ ಮೇಲ್ಪದರದ ತಿಳಿವಳಿಕೆಯನ್ನು ಯಂತ್ರವು ಈಗ ಕೇಳಿದೊಡನೆ ಬರೆದುಕೊಡುತ್ತದೆ. ಅಗಲ ಅಗ್ಗವಾಗಿದೆ. ಆದರೆ ಯಂತ್ರವು ೨.೫೦ ಎಂದು ಧೈರ್ಯವಾಗಿ ಹೇಳಿದಾಗ, ಅಲ್ಲ, ೩.೧೦ ಎನ್ನುವವನೊಬ್ಬ ಬೇಕು. ಅವನಿಗೆ ಬೆಲೆ ಇಳಿಯುವ ಕಾಲ ಇನ್ನೂ ಬಂದಿಲ್ಲ.

ನಾವು ಮಾಡಬೇಕಾದುದು

ಮೇಲಿನ ವಿಚಾರದಿಂದ ವಿದ್ಯಾರ್ಥಿಗಳಿಗೆ ಕೆಲವು ಪ್ರಾಯೋಗಿಕ ಸೂಚನೆಗಳು ಹೊರಡುತ್ತವೆ. ಮೊದಲನೆಯದು, ನಿಮಗೆ ಬೇಕಾದ ಬಗೆಯ ಕೆಲಸದ ಇಪ್ಪತ್ತು ಪ್ರಕಟಣೆಗಳನ್ನು ಸಂಗ್ರಹಿಸಿ, ಯಾವ ಕೌಶಲ ಎಷ್ಟು ಸಲ ಬಂದಿದೆಯೆಂದು ಕಾಗದದ ಮೇಲೆ ಗೀಟು ಹಾಕಿ ಎಣಿಸಿರಿ. ಎಲ್ಲದರಲ್ಲಿಯೂ ಬರುವ ಎರಡು ಮೂರೇ ನಿಜವಾದ ಬೇಡಿಕೆ; ಒಂದೊಂದು ಸಲ ಬರುವವು ದಿನಸಿ ಚೀಟಿಯ ತುಂಬುವಿಕೆ. ಎರಡನೆಯದು, ಆ ಎರಡು ಮೂರರಲ್ಲಿ ಒಂದನ್ನು ಆರಿಸಿ ಒಂದು ವರ್ಷವಾದರೂ ಬಿಡದೆ ಸಾಧಿಸಿರಿ. ಉಳಿದವನ್ನು ಪಕ್ಕದವರ ಮಾತು ಅರ್ಥವಾಗುವಷ್ಟು ತಿಳಿಯಿರಿ. ಆರಿಸುವಾಗ ಸಾಧನಕ್ಕಿಂತ ತತ್ತ್ವಕ್ಕೂ, ತತ್ತ್ವದೊಡನೆ ನಿಮ್ಮ ಐಚ್ಛಿಕ ವಿಷಯಕ್ಕೂ ಗಮನ ಕೊಡಿರಿ.

ಮೂರನೆಯದು, ಆಳಕ್ಕೆ ಸಾಕ್ಷಿ ಬೇಕು. ಮಲ್ಲಿತಮ್ಮನ ಹೆಸರನ್ನು ನಾವು ಬಲ್ಲೆವಾದರೆ ಅವನು ತಾನು ಕಡೆದ ವಿಗ್ರಹದ ಕೆಳಗೆ ಹೆಸರನ್ನು ಕೆತ್ತಿದುದರಿಂದ. ೧೨೬೮ರ ಸೋಮನಾಥಪುರದಲ್ಲಿಯೂ ಆ ಹೆಸರು ಕಾಣುತ್ತದೆ. ಗುತ್ತಿಗೆಯಲ್ಲಿ ಮಾಡಿದ ಕೆಲಸ ಗ್ರಾಹಕನ ಸ್ವತ್ತು. ಗೋಪ್ಯದ ಕರಾರಿನಿಂದಾಗಿ ಅದನ್ನು ಹೊರಗೆ ತೋರಿಸುವಂತಿಲ್ಲ. ಆದುದರಿಂದ ಸ್ವಂತಕ್ಕೆ ಮಾಡಿದ ಒಂದು ಚಿಕ್ಕ ಕೆಲಸವಾದರೂ ಗಿಟ್‌ಹಬ್ಬಿನಂಥ ಎಲ್ಲರೂ ನೋಡಬಹುದಾದ ಕಡೆ ನಿಮ್ಮ ಹೆಸರಿನಲ್ಲಿರಲಿ. ಎಕರೆ ಗುಂಟೆಗಳನ್ನು ಸರಿಯಾಗಿ ಕೂಡಿಸುವ ಪ್ರೋಗ್ರಾಮಾದರೂ ಚಿಂತೆಯಿಲ್ಲ, ನೆಟ್ಟಗಿದ್ದರೆ ಸಾಕು. ನಾಲ್ಕನೆಯದು, ಕರಾರಿಗೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಮೊದಲ ತಿಂಗಳಲ್ಲಿ ನನ್ನಿಂದ ಆಗಬೇಕಾದ ಕೆಲಸವೇನು? ನನ್ನ ಸಂಬಳ ಕೊಡುವವರು ಯಾರು? ನವೀಕರಣವಾಗದಿದ್ದರೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ? ಐದನೆಯದು, ಗುತ್ತಿಗೆಯ ಸಂಬಳ ಬಂದಾಗ ಅದರಲ್ಲಿ ಒಂದು ಪಾಲನ್ನು ಮುಂದಿನ ಕಲಿಕೆಗೆಂದು ಎತ್ತಿಡಿರಿ. ಮುಂದಿನ ಬಿತ್ತನೆಗೆ ಬೀಜ ತೆಗೆದಿಡುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಹೊರೆಯನ್ನೆಲ್ಲ ವಿದ್ಯಾರ್ಥಿಯ ಹೆಗಲ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಗುತ್ತಿಗೆಯ ಪದ್ಧತಿಯಿಂದ ಲಾಭ ಪಡೆಯುವ ಸಂಸ್ಥೆಗಳು ಕಲಿಕೆಯ ಖರ್ಚನ್ನು ಹೊರದಿರುವಾಗ, ಆ ಕೊರತೆಯನ್ನು ತುಂಬಬೇಕಾದ ಜಾಗ ಸರ್ಕಾರಿ ಕಾಲೇಜೇ. ಇಲ್ಲಿಯ ಶುಲ್ಕ ಕಡಿಮೆ, ಗ್ರಂಥಾಲಯವುಂಟು, ಗಣಕದ ಕೊಠಡಿಯುಂಟು, ಕೇಳಿದರೆ ಹೇಳಿಕೊಡುವ ಅಧ್ಯಾಪಕರುಂಟು. ಇಲ್ಲಿ ಕಳೆಯುವ ವರ್ಷಗಳಲ್ಲಿ ಕಲಿಕೆಗೆ ಗಂಟೆಯ ಲೆಕ್ಕದಲ್ಲಿ ಯಾರೂ ಹಣ ಕೇಳುವುದಿಲ್ಲ. ಇಂಥ ಕಾಲ ಗುತ್ತಿಗೆಯವನಿಗೆ ಮತ್ತೆ ಸಿಗುವುದು ದುರ್ಲಭ. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂದು ಹಿರಿಯರು ಹೇಳಿದ ಗಾದೆ ನಮ್ಮ ವಿಷಯಕ್ಕೆ ಸರಿಯಾಗಿ ಒಪ್ಪುತ್ತದೆ. ಆ ಮುತ್ತು ಯಾವುದೆಂಬುದನ್ನು ಸಹಪಾಠಿ ಮಿತ್ರರು ಅಂತಿಮ ವರ್ಷದ ಪರೀಕ್ಷೆಗೆ ಮುನ್ನವೇ ನಿಶ್ಚಯಿಸಿಕೊಂಡು ಕೆಲಸಕ್ಕೆ ತೊಡಗುವರೆಂದು ಆಶಿಸುತ್ತೇನೆ.